ಎರಡನೇ ಸಲದ ಸುದ್ದಿ

ವಾಸುದೇವ ಮೇಷ್ಟ್ರು ಇಂಗ್ಲಿಷ್ ಕೇಳುತ್ತಿದ್ದದ್ದು ಕಣ್ಣು ಮುಚ್ಚಿ. ಸಾಗರದ ವಾಚನಾಲಯದ ಬೆಂಚಿನಲ್ಲಿ, ಕೊಡೆಯ ಹಿಡಿಗೆ ಗಲ್ಲ ಊರಿ, ಸಂಜೆಯ ರೇಡಿಯೊ ಸುದ್ದಿಗೆ ಕೂತರೆಂದರೆ ನೋಡಿದವರು ನಿದ್ದೆಯೆಂದೇ ತಿಳಿಯಬೇಕು. ಅರ್ಧ ನಿಜವೂ ಇದ್ದೀತು. ಹಗಲಿಡೀ ಹೈಸ್ಕೂಲಿನಲ್ಲಿ ಕೂಗಿ, ಸಂಜೆ ನಮ್ಮಂಥ ಡುಮ್ಕಿಗಳನ್ನು ಬಿಟ್ಟಿಯಾಗಿ ದಡಕ್ಕೆಳೆಯುವ ಮನುಷ್ಯ ದಣಿಯದೆ ಏನಾದಾನು?

ನಾನು ಎಸ್ಸೆಸ್ಸೆಲ್ಸಿಯಲ್ಲಿ ಎರಡು ಸಲ ಇಂಗ್ಲಿಷಿಗೆ ಬಿದ್ದವನು. ಇನ್ನೊಮ್ಮೆ ಬಿದ್ದರೆ ಅಪ್ಪನ ಜವಳಿ ಅಂಗಡಿಯ ಗಜಕೋಲೇ ಗತಿ. ಪಾಸಾದರೆ ಹೊಸನಗರದಲ್ಲಿ ಗುಮಾಸ್ತನ ಕೆಲಸ. ಊರಿನ ಯಾರನ್ನಾದರೂ ಅಣಕಿಸಬಲ್ಲ ನನ್ನ ಬಾಯಿಗೆ ಇಂಗ್ಲಿಷ್ ಮಾತ್ರ ದಕ್ಕಿರಲಿಲ್ಲ.

ಸುದ್ದಿ ಕೇಳುವಾಗ ಪೆನ್ಸಿಲ್ ಮುಟ್ಟಕೂಡದು ಎಂಬುದು ಮೇಷ್ಟ್ರ ಕಟ್ಟಳೆ. "ಕೈ ಬರೀತಾ ಇದ್ರೆ ಕಿವಿ ರಜೆ ಹಾಕ್ತದೆ." ಮುಗಿದ ಮೇಲೆ ಯಾರು, ಎಲ್ಲಿ, ಏನು ಮಾಡಿದರೆಂದು ಗಿಡ್ಡ ವಾಕ್ಯಗಳಲ್ಲಿ ಬರೆದು ಗಟ್ಟಿಯಾಗಿ ಓದಬೇಕು. "ಎಲ್ಲಿ ಉಸಿರು ಕಟ್ತದೋ ಅಲ್ಲಿ ವಾಕ್ಯ ಕಡಿ."

ಒಂದು ಸಂಜೆ ಸುದ್ದಿ ಓದುವವರನ್ನೇ ಅಣಕಿಸಿದೆ. ಬೆಂಚಿಗೆ ಬೆಂಚೇ ನಕ್ಕಿತು. ಮೇಷ್ಟ್ರು ಕಣ್ಣು ತೆರೆಯಲಿಲ್ಲ.

"ರಾಗ ಪಸಂದಾಗಿದೆ ಮಾರಾಯ. ಯಾರು ಎಲ್ಲಿಗೆ ಹೋದ್ರು, ಹೇಳು."

"ಯಾರೋ ಎಲ್ಲಿಗೋ ಹೋದ ಹಾಗಿತ್ತು ಸಾರ್."

"ನಾಳೆಯಿಂದ ರೇಡಿಯೊ ಮುಗಿದ ಕೂಡ್ಲೆ ನೀನು ಇನ್ನೊಂದ್ಸಲ ಹೇಳು. ನಿಧಾನಕ್ಕೆ. ಇವಕ್ಕೆ ಒಂದೇ ಸಲಕ್ಕೆ ಹತ್ತಲ್ಲ. ನಂಗೂ ಹೇಳಿ ಹೇಳಿ ಸಾಕಾಗಿದೆ."

ಹಾಗೆ ನಾನು ಸಾಗರದ ಎರಡನೇ ರೇಡಿಯೊ ಆದೆ. ಬೇಗ ಅಣಕಿಸುವುದಕ್ಕೆ ಅರ್ಥ ಬೇಕಿಲ್ಲ. ನಿಧಾನಕ್ಕೆ ಅಣಕಿಸಲು ಬೇಕೇ ಬೇಕು. ಮರೆತ ಕಡೆ ನಾನೇ ಒಬ್ಬ ಮಂತ್ರಿಯನ್ನು ವಿಮಾನ ಹತ್ತಿಸಿದರೆ, "ಅವ್ರು ಹಾಗೆ ಹೇಳ್ಲಿಲ್ಲ" ಎಂದು ಕೊಡೆಯ ಮೇಲಿಂದ ದನಿ ಬರುತ್ತಿತ್ತು. ತಿಂಗಳುಗಟ್ಟಲೆ ದಿನಾ ಬೈಸಿಕೊಂಡು, ಕೇಳಿ ಕೇಳಿ ಸುಸ್ತಾಗಿ, ಕೊನೆಗೆ ಹೇಗೋ ಪಾಸಾದೆ.

ಪಾಸಾದ ಸುದ್ದಿ ಹೇಳಲು ಸಂಜೆ ವಾಚನಾಲಯಕ್ಕೆ ಓಡಿದೆ. ಕೆಲಸಕ್ಕೆ ಸೇರಲು ಹಿಡಿಯಬೇಕಿದ್ದ ಹೊಸನಗರದ ಬಸ್ಸಿಗೆ ಹೊತ್ತಾಗಿತ್ತು. ಬೆಂಚಿನಲ್ಲಿ ಹೊಸ ಡುಮ್ಕಿಗಳಿದ್ದರು. ಮೇಷ್ಟ್ರು ಆ ದಿನ ಕಣ್ಣು ತೆರೆದು ನೋಡಿದರು.

"ಹಾಗಾದ್ರೆ ಇನ್ನು ಬರಲ್ಲ ನೀನು."

"ಭಾನುವಾರ ಬರ್ತೀನಿ ಸಾರ್."

"ಎಲ್ರೂ ಹಾಗೇ ಅಂತಾರೆ. ಪಾಸಾದೋರಿಗೆ ಈ ಬೆಂಚು ಯಾಕೆ? ನಂಗೆ ಫೇಲಾದೋರೇ ನೆಂಟ್ರು. ಹೋಗು, ಬಸ್ಸು ತಪ್ತದೆ."

ಅವರನ್ನು ಕಂಡದ್ದು ಅದೇ ಕೊನೆ. ನಾನು ಹೊಸನಗರದಲ್ಲಿ ನೆಲೆಯೂರುವಷ್ಟರಲ್ಲಿ ಅವರಿಗೆ ತೀರ್ಥಹಳ್ಳಿಗೆ ವರ್ಗವಾಯಿತಂತೆ.

ಅಂದು ನಾನು ಹೊಸ್ತಿಲು ದಾಟುವಾಗ ಹಿಂದಿನಿಂದ ಅವರ ದನಿ ಕೇಳಿತು:

"ಇವತ್ತಿಂದ ಸುದ್ದಿ ಒಂದೇ ಸಲ ಕಣ್ರೋ. ಸರಿಯಾಗಿ ಕೇಳಿ."