ಚೆಂಡು ಹಿಡಿದು ಓಡುವವನಿಗೆ ಎಷ್ಟು ಮಾರ್ಕ್ಸು?

ಹೋದ ಶುಕ್ರವಾರ ಹಿಲ್ಡಾಳ ಮನೆಯಲ್ಲಿ ಊಟಕ್ಕೆ ಕೂತಿದ್ದಾಗ ಅವರ ಟೀವಿ ಕೆಟ್ಟಿತು ಎಂದುಕೊಂಡೆ. ಹಿಲ್ಡಾ ಉಡುಪಿ ಕಡೆಯವಳು, ಇಲ್ಲಿ ಗಲ್ಫಿನಲ್ಲಿ, ಅಲ್ ಖೌದಿನ ನಮ್ಮ ಕಟ್ಟಡದಲ್ಲಿ ನಮಗಿಂತ ಒಂದು ಮಹಡಿ ಕೆಳಗಿದ್ದಾಳೆ. ನನಗೆಂದೇ ಬೇರೆ ಪಾತ್ರೆಯಲ್ಲಿ ಮಾಡಿಟ್ಟ ಸೌತೆಕಾಯಿ ಸಾಂಬಾರಿಗೆ ನಾನು ಅನ್ನ ಕಲಸುತ್ತಿದ್ದೆ. ಅವಳ ಗಂಡ ಆಲ್ಬರ್ಟ್ ರಿಮೋಟ್ ಹಿಡಿದು ಚಾನೆಲ್ ಬದಲಿಸುತ್ತ ಒಂದು ಕಡೆ ನಿಂತ. ಹೆಲ್ಮೆಟ್ ತೊಟ್ಟ ಆಳುಗಳು ಹಸಿರು ಮೈದಾನದಲ್ಲಿ ಎರಡು ಸಾಲಾಗಿ ಎದುರುಬದುರು ನಿಂತಿದ್ದರು. ದೂರದಲ್ಲಿ ಒಬ್ಬ ಓಡಿಬಂದು ಚೆಂಡು ಒದ್ದ. ಚೆಂಡು ಮೇಲೆ ಹೋಯಿತು, ಇವರು ಮಾತ್ರ ಶಾಲೆಯ ಪ್ರಾರ್ಥನೆಗೆ ನಿಂತವರಂತೆ ನಿಂತೇ ಇದ್ದರು.

"ಆಲ್ಬರ್ಟ್, ನಿಮ್ಮ ಟೀವಿ ಸ್ಟಕ್ ಆಗೇತಿ ನೋಡ್ರಿ" ಎಂದೆ.

"ಇಲ್ಲ ಅಕ್ಕ, ಸ್ಟಕ್ ಎಂತದ್ದೂ ಇಲ್ಲ. ಚೆಂಡು ಹೋಗ್ತಾ ಉಂಟಲ್ಲ? ಅವರದ್ದು ಈಗ ರೂಲೇ ಹಾಗೆ. ಆಚೆಯವನ ಕೈಗೆ ಚೆಂಡು ಸಿಗುವವರೆಗೆ ಬಾಕಿಯವರು ಕದಲುವ ಹಾಗಿಲ್ಲ. ಅದು ಬದಲಾಗಿ ಸುಮಾರು ಸಮಯ ಆಯ್ತು."

ನನ್ನ ಕೈ ತಟ್ಟೆಯಲ್ಲೇ ನಿಂತಿತು. ಅಯ್ಯೋ, ಇದು ಅವರಿಗೆ ಗೊತ್ತೇ ಇಲ್ಲವಲ್ಲ ಅನ್ನಿಸಿತು. ಅವರು ಎಂದರೆ ನಮ್ಮ ಮನೆಯವರು. ಹೋಗಿ ಮೂರು ವರ್ಷವಾಗುತ್ತ ಬಂತು. ಸತ್ತವರಿಗೆ ತಿಳಿಯದ ಸುದ್ದಿಗಳು ಲೋಕದಲ್ಲಿ ಎಷ್ಟೋ ಇರುತ್ತವೆ. ಮಗಳು ಹತ್ತನೆಯ ತರಗತಿ ಮುಗಿಸಿದ್ದು, ನಮ್ಮ ಓಣಿಯ ಬೇಕರಿ ಮುಚ್ಚಿದ್ದು, ಯಾವುದೂ ಅವರಿಗೆ ಗೊತ್ತಿಲ್ಲ. ಅದನ್ನೆಲ್ಲ ಹೇಗೋ ಸಹಿಸಿಕೊಂಡಿದ್ದೆ. ಆದರೆ ಆ ಊಟದ ಮೇಜಿನಲ್ಲಿ, ಅಮೆರಿಕದವರ ಆಟದ ಒಂದು ನಿಯಮಕ್ಕೆ, ಎಡಗೈಯಿಂದ ಕಣ್ಣು ಒರೆಸಿಕೊಳ್ಳಬೇಕಾಯಿತು. ಹಿಲ್ಡಾ "ಎಂತ ಆಯ್ತು ಮಾರಾಯ್ತಿ, ಖಾರ ಹೆಚ್ಚಾಯ್ತಾ?" ಎಂದಳು. ಹೌದೆಂದೆ.

ಬಾಗಲಕೋಟೆಯ ಮನುಷ್ಯನಿಗೂ ಅಮೆರಿಕದ ಫುಟ್‌ಬಾಲಿಗೂ ಏನು ಸಂಬಂಧ ಎಂದು ನೀವು ಕೇಳಬಹುದು. ನಾನೂ ಕೇಳಿದ್ದೆ. ಅವರು ಒಳನಾಡಿನ ಮರುಭೂಮಿಯಲ್ಲಿ, ಒಂದು ತೈಲ ಕ್ಯಾಂಪಿನಲ್ಲಿ ಇನ್‌ಸ್ಟ್ರುಮೆಂಟ್ ಟೆಕ್ನಿಷಿಯನ್ ಆಗಿದ್ದರು. ಎರಡು ವಾರ ಅಲ್ಲಿ, ಎರಡು ವಾರ ಮನೆಯಲ್ಲಿ. ಕ್ಯಾಂಪಿನ ಅವರ ಮೇಲಧಿಕಾರಿ ಡೇಲ್ ಎಂಬ ಅಮೆರಿಕದ ಮುದುಕ. ಕಾಲೇಜಿನಲ್ಲಿ ಆತ ಈ ಆಟ ಆಡಿದ್ದನಂತೆ, ಅದೂ ಚೆಂಡು ಒದೆಯುವಾಗಿನ ತಂಡದಲ್ಲಿ ಮಾತ್ರ. ಹಾಗಾಗಿ ಮುದುಕನಿಗೆ ಇಡೀ ಪಂದ್ಯದಲ್ಲಿ ರುಚಿಸುತ್ತಿದ್ದದ್ದು ಅದೊಂದೇ ಭಾಗ. ಬೇರೆಯದನ್ನೆಲ್ಲ ಕತ್ತರಿಸಿ, ಒದೆತಗಳನ್ನಷ್ಟೇ ಪೋಣಿಸಿ ಪೆನ್ ಡ್ರೈವಿಗೆ ಹಾಕಿ ಇವರಿಗೆ ಕೊಡುತ್ತಿದ್ದ. ಇವರು ಅದನ್ನು ಮನೆಗೆ ತಂದು ಶುಕ್ರವಾರ ಬೆಳಿಗ್ಗೆ ಉಪ್ಪಿಟ್ಟಿನ ಜೊತೆ ಟೀವಿಗೆ ಹಾಕುತ್ತಿದ್ದರು. ಒಬ್ಬ ಒದೆಯುತ್ತಾನೆ, ಇನ್ನೊಬ್ಬ ಹಿಡಿದು ಓಡುತ್ತಾನೆ, ಎಲ್ಲರೂ ಸೇರಿ ಅವನನ್ನು ಕೆಡವುತ್ತಾರೆ, ಮತ್ತೆ ಒದೆತ. ಆಟವೆಂದರೆ ಇಷ್ಟೇ ಎಂದು ನಾನು ಬಹಳ ಕಾಲ ನಂಬಿದ್ದೆ. ಶಾಲೆಯ ಸ್ಟಾಫ್ ರೂಮಿನಲ್ಲಿ ಒಮ್ಮೆ ಹಾಗೆಯೇ ವಿವರಿಸಿ, ಪಿ.ಟಿ. ಮಾಸ್ತರರ ನಗೆಗೀಡಾದೆ ಕೂಡ.

ನಾನು ಗಣಿತದ ಟೀಚರ್. ನಮ್ಮ ಕಡೆ ಹೆಣ್ಣು ಟೀಚರಿಗೆ ಅಕ್ಕೋರು ಎನ್ನುತ್ತಾರೆ. ಇವರಿಗೆ ಲಹರಿ ಬಂದಾಗ ನಾನೂ ಅಕ್ಕೋರೇ.

"ಅಕ್ಕೋರ, ಬರ್ರಿ, ಪೇಪರ್ ತಿದ್ದೂ ಟೈಮಾತು" ಎಂದು ಸೋಫಾದಿಂದ ಕೂಗುತ್ತಿದ್ದರು. ಪೇಪರು ಎಂದರೆ ಈ ಓಟಗಳು. ಪ್ರತಿ ಓಟಕ್ಕೂ ನಾನು ಹತ್ತಕ್ಕೆ ಇಷ್ಟು ಎಂದು ಎರಡು ಮಾರ್ಕ್ಸ್ ಹಾಕಬೇಕು: ಚೆಂಡು ಹಿಡಿದು ಓಡಿದವನಿಗೆ ಒಂದು, ಅವನ ಕೋಚಿಗೆ ಒಂದು. ಈ ಭಾಗಕ್ಕೆಂದೇ ಬೇರೆ ಕೋಚ್ ಇರುತ್ತಾನೆ, ಸ್ಪೆಷಲ್ ಟೀಮ್ಸ್ ಕೋಚ್ ಎಂದು. ಹೆಸರಿಗೆ ಸ್ಪೆಷಲ್. ಉಳಿದ ಕೋಚುಗಳು ಬೇಕಾದ ಆಳುಗಳನ್ನೆಲ್ಲ ಆರಿಸಿಕೊಂಡ ಮೇಲೆ ಮಿಕ್ಕವರೇ ಹೆಚ್ಚಾಗಿ ಇವನ ಪಾಲು. ಅಭ್ಯಾಸಕ್ಕೆ ಸಿಗುವ ಸಮಯವೂ ಎಲ್ಲರದ್ದೂ ಮುಗಿದ ಮೇಲೆ ಉಳಿದದ್ದು. ಇದನ್ನು ಕೇಳಿದಾಗಿನಿಂದ ನನಗೆ ಆ ಕೋಚುಗಳ ಮೇಲೆ ಒಂಥರಾ ಕನಿಕರ. ಕೊನೆಯ ಪೀರಿಯಡ್ಡಿನಲ್ಲಿ ಗಣಿತ ಹೇಳಿಕೊಟ್ಟವರಿಗೆ ಆ ಕಷ್ಟ ಗೊತ್ತು.

ಇವರು ಮಾತ್ರ ಕೋಚುಗಳ ವಿಷಯದಲ್ಲಿ ಭಾರಿ ಬಿಗಿ. ನಾನು ಓಡುವವನ ಚುರುಕು ನೋಡಿ ಎಂಟು, ಒಂಬತ್ತು ಎಂದು ಕೈಬಿಚ್ಚಿ ಹಾಕಿದರೆ, ರಿಮೋಟ್ ಒತ್ತಿ ಹಿಂದಕ್ಕೆ ಓಡಿಸುತ್ತಿದ್ದರು.

"ಓಡಾಂವನ್ನ ನೋಡಬ್ಯಾಡ. ಅವನ ಮುಂದ ದಾರಿ ಮಾಡಾವ್ರನ್ನ ನೋಡು. ಇಲ್ಲಿ, ಈ ದಪ್ಪನ ಮನಷ್ಯಾ. ಬಲಕ್ಕ ತಿರುಗಬೇಕಾಗಿತ್ತು, ಎಡಕ್ಕ ತಿರುಗಿದ. ಆ ಗುದ್ದು ಯಾರಿಗೆ ಬಿತ್ತು? ಓಡಾಂವಗ."

"ತಿರುಗಿದಾಂವ ಅಂವ. ಕೋಚ್ ಏನ್ಮಾಡ್ತಾನ್ರೀ?"

"ಕೋಚ್ ಹೇಳಿಕೊಟ್ಟಿದ್ರ ಯಾಕ ತಿರುಗತಿದ್ದ?"

ಹೀಗೆ ಒಂದು ಸಲ ಮಾತು ಬೆಳೆದು, ನನ್ನ ಕ್ಲಾಸಿನಲ್ಲಿ ಫೇಲಾದ ಮಕ್ಕಳವರೆಗೂ ಹೋಯಿತು. ಆಮೇಲೆ ನಾನು ಮಧ್ಯಾಹ್ನದವರೆಗೆ ಅವರೊಂದಿಗೆ ಮಾತಾಡಲಿಲ್ಲ. ಅವರು ಹೊರಗೆ ಹೋಗಿ ಇಲ್ಲಿಯ ಗಟ್ಟಿ ಹಾಲಿನ ಕರಕ್ ಚಹಾ ಎರಡು ತಂದು, ಒಂದನ್ನು ನನ್ನ ಮುಂದಿಟ್ಟು "ಖಲಾಸ್, ಅಕ್ಕೋರ ಪಾಸ್" ಎಂದರು. ಮಗಳು ಸಹನಾ ಆಗ ಚಿಕ್ಕವಳು. ಕಾರ್ಪೆಟ್ಟಿನ ಮೇಲೆ ಬೋರಲು ಮಲಗಿ ಬಣ್ಣ ಬಳಿಯುತ್ತಿರುತ್ತಿದ್ದಳು. ಅವಳಿಗೆ ಇದರಲ್ಲಿ ಆಸಕ್ತಿಯಿಲ್ಲ ಎಂದೇ ನಮ್ಮ ಎಣಿಕೆ.

ಆಟಗಾರರ ಹೆಸರು ನಮ್ಮ ನಾಲಗೆಗೆ ಹೊರಳುತ್ತಿರಲಿಲ್ಲ. ನಾವೇ ಹೆಸರಿಡುತ್ತಿದ್ದೆವು. ಅವರಲ್ಲಿ ಒಬ್ಬ ಗಿಡ್ಡ ಆಳು, ಹಿಡಿಯುವ ಮುನ್ನ ಒಂದು ಹೆಜ್ಜೆ ಹಿಂದೆ ಜಿಗಿದು, ಹಿಡಿದೊಡನೆ ಬಡಗಿಯ ಗಿರ್ಮಿಟ್ಟಿನಂತೆ ಗಿರ್ರನೆ ತಿರುಗಿ ಗುಂಪಿನೊಳಗೆ ತೂತು ಕೊರೆಯುತ್ತಿದ್ದ. ಅವನಿಗೆ ಗಿರ್ಮಿಟ್ ಎಂದೇ ಹೆಸರಾಯಿತು. ಹುಬ್ಬಳ್ಳಿಯ ಚುರಮುರಿ ಗಿರ್ಮಿಟ್ ತಿನ್ನದೆ ಎಷ್ಟೋ ತಿಂಗಳಾಗಿದ್ದರಿಂದಲೂ ಇರಬಹುದು, ಆ ಹೆಸರು ಕೂಗುವುದೇ ಒಂದು ಸುಖ. ಅವನಿಗೆ ನಾನು ಹತ್ತಕ್ಕಿಂತ ಕಡಿಮೆ ಹಾಕಿದ್ದೇ ಇಲ್ಲ.

ಒಂದು ಶುಕ್ರವಾರ ಗಿರ್ಮಿಟ್ ಚೆಂಡು ಕೈಬಿಟ್ಟ. ಬಿಸಿಲು ನೇರ ಅವನ ಕಣ್ಣಿಗೆ ಬೀಳುತ್ತಿತ್ತು. ಚೆಂಡು ಎದೆಗೆ ಬಡಿದು ನೆಲಕ್ಕೆ ಬಿತ್ತು, ಎದುರಿನವರು ಎತ್ತಿಕೊಂಡರು. ಆತ ಮಂಡಿಯೂರಿ ಹಾಗೇ ಕೂತ. ಯಾರೂ ಅವನ ಹತ್ತಿರ ಹೋಗಲಿಲ್ಲ. ಇವರು ರಿಮೋಟ್ ಒತ್ತಲಿಲ್ಲ, ಮಾರ್ಕ್ಸೂ ಕೇಳಲಿಲ್ಲ.

"ಆ ಕಡೆ ಬಿಸಲೈತಿ ಅಂತ ಮೊದಲ ನೋಡಬೇಕಾದಾಂವ ಕೋಚ್" ಎಂದಷ್ಟೇ ಹೇಳಿದರು.

ಮುಂದಿನ ಸಲ ಬಂದ ಪೆನ್ ಡ್ರೈವಿನಲ್ಲಿ ಗಿರ್ಮಿಟ್ಟಿನ ಜಾಗದಲ್ಲಿ ಬೇರೊಬ್ಬನಿದ್ದ. ತಂಡದಿಂದ ತೆಗೆದರಂತೆ. ಒಂದು ಚೆಂಡಿಗೆ! ನನಗೆ ಎಷ್ಟು ಬೇಜಾರಾಯಿತೆಂದರೆ, ಇವರು ಕ್ಯಾಂಪಿನಿಂದ ಫೋನ್ ಮಾಡಿದಾಗಲೆಲ್ಲ ಮಗಳ ಜ್ವರ, ಮನೆಯ ಎ.ಸಿ. ರಿಪೇರಿ ಎಲ್ಲ ಮುಗಿದ ಮೇಲೆ, "ಗಿರ್ಮಿಟ್ ಸಿಕ್ಕನೇನ್ರಿ?" ಎಂದು ಕೇಳುತ್ತಿದ್ದೆ. "ಡೇಲ್ ಹುಡುಕಲಿಕ್ಕ ಹತ್ಯಾನ" ಎನ್ನುತ್ತಿದ್ದರು. ಆ ಮುದುಕನೂ ನಮ್ಮ ಗಿರ್ಮಿಟ್ಟನ್ನು ಗಿರ್ಮಿಟ್ ಎಂದೇ ಕರೆಯಲು ಕಲಿತಿದ್ದನಂತೆ.

ಮರುವರ್ಷ ಚಳಿಗಾಲದಲ್ಲಿ ಸಿಕ್ಕ. ಬೇರೆ ತಂಡ, ಬೇರೆ ಬಣ್ಣದ ಅಂಗಿ, ಮುಖ ಹೆಲ್ಮೆಟ್ಟಿನೊಳಗೆ. ಚೆಂಡು ಇಳಿಯುವ ಮುನ್ನ ಆತ ಒಂದು ಹೆಜ್ಜೆ ಹಿಂದೆ ಜಿಗಿದ. ನಾವಿಬ್ಬರೂ ಒಟ್ಟಿಗೇ ಚೀರಿದೆವು. ಗಿರ್ಮಿಟ್ ಹಿಡಿದ, ತಿರುಗಿದ, ಗುಂಪಿನೊಳಗೆ ಮಾಯವಾದ, ಆಚೆ ಬದಿಗೆ ಹೊರಬಿದ್ದ. ಮುಂದೆ ಯಾರೂ ಇರಲಿಲ್ಲ. ಇವರು "ಯಲ್ಲಾ, ಯಲ್ಲಾ, ಯಲ್ಲಾ!" ಎಂದು ಇಲ್ಲಿಯವರಂತೆ ಹುರಿದುಂಬಿಸುತ್ತ ಸೋಫಾ ಹತ್ತಿ ನಿಂತುಬಿಟ್ಟಿದ್ದರು. ಕೆಳಗಿನಿಂದ ಹಿಲ್ಡಾ ಗಾಬರಿಯಾಗಿ ಓಡಿಬಂದು ಬಾಗಿಲು ಬಡಿದಳು. ಬಾಗಿಲು ತೆರೆದರೆ ನನ್ನ ಕಣ್ಣಲ್ಲಿ ನೀರು. ಅವಳು ಊರಿನಿಂದ ಏನೋ ಕೆಟ್ಟ ಸುದ್ದಿ ಬಂದಿದೆ ಎಂದೇ ತಿಳಿದಳು. ಅವಳನ್ನು ಕೂರಿಸಿ ಅದೇ ಓಟವನ್ನು ಮತ್ತೆ ಮತ್ತೆ ತೋರಿಸಿದೆವು. ಪಾಪ, ಆಕೆ ನೋಡಿದಳು.

ಈಗ ನೆನೆದರೆ, ನಮ್ಮ ಸಂಸಾರದ ಅತ್ಯಂತ ಸುಖದ ದಿನಗಳಲ್ಲಿ ಅದೊಂದು ಎನ್ನಬೇಕು. ಮದುವೆಯ ದಿನ ಕೂಡ ನಾವು ಅಷ್ಟು ಜೋರಾಗಿ ಒಟ್ಟಿಗೆ ಕೂಗಿರಲಿಲ್ಲ.

ಆಮೇಲೆ ಡೇಲ್ ನಿವೃತ್ತನಾಗಿ ತನ್ನ ದೇಶಕ್ಕೆ ಹೋದ. ಇವರೇ ಫೋನಿನಲ್ಲಿ ಆಟ ಹುಡುಕಿ ನೋಡತೊಡಗಿದರು. ಆದರೆ ಓಟಗಳು ಕಡಿಮೆಯಾಗುತ್ತ ಬಂದಿದ್ದವು. ಎರಡು ಕಡೆಯವರೂ ದೂರದಿಂದ ಓಡಿಬಂದು ಡಿಕ್ಕಿ ಹೊಡೆಯುವುದರಿಂದ ತಲೆಗೆ ಪೆಟ್ಟಾಗುತ್ತದೆ ಎಂದು, ಓಡದೆ ಇರುವುದೇ ಲಾಭವಾಗುವಂತೆ ನಿಯಮ ಮಾಡಿದ್ದರಂತೆ. ಒದ್ದ ಚೆಂಡು ಮೈದಾನದ ಕೊನೆಯ ಗೆರೆ ದಾಟಿ ಬೀಳುತ್ತಿತ್ತು. ಹಿಡಿಯಬೇಕಾದವನು ಅದನ್ನು ಬರೀ ನೋಡುತ್ತ ನಿಲ್ಲುತ್ತಿದ್ದ. ಇವರೂ ಉಪ್ಪಿಟ್ಟಿನ ತಟ್ಟೆ ಹಿಡಿದು ಹಾಗೇ ನೋಡುತ್ತಿದ್ದರು.

"ಹಿಂಗಾದ್ರ ಒಂದಿನ ಒದೆಯೂದನ್ನೂ ತಗದ ಬಿಡ್ತಾರ ನೋಡು" ಎಂದರು ಒಮ್ಮೆ. ತಲೆ ಒಡೆದುಕೊಳ್ಳುವುದಕ್ಕಿಂತ ಅದೇ ವಾಸಿಯಲ್ಲವೇ ಎಂದು ನಾನು ಹೇಳಿದೆ. ಅವರು ಒಪ್ಪಿದರು. ಒಪ್ಪಿದ ಮೇಲೂ ಅವರ ಮುಖ ಅರಳಲಿಲ್ಲ.

ಕ್ಯಾಂಪಿನಲ್ಲಿ ಒಂದು ಬೆಳಿಗ್ಗೆ ಅವರಿಗೆ ಎದೆ ಹಿಡಿದಂತಾಯಿತಂತೆ. ಗ್ಯಾಸ್ ಇರಬೇಕೆಂದು ಶಿಫ್ಟ್ ಮುಗಿಸಿಯೇ ಕ್ಲಿನಿಕ್ಕಿಗೆ ಹೋದರು. ಅಲ್ಲಿಂದ ಆಸ್ಪತ್ರೆಗೆ ಹೊರಡಿಸಿದ್ದಾರೆಂದು ನನಗೆ ಫೋನ್ ಬಂತು. ಆಲ್ಬರ್ಟ್ ತನ್ನ ಕಾರಿನಲ್ಲಿ ನನ್ನನ್ನು ಕರೆದುಕೊಂಡು ಒಳನಾಡಿನ ಕಡೆಗೆ ಹೋಗುವ ನಿಜ್ವಾ ರಸ್ತೆ ಹಿಡಿದ. ಅರ್ಧ ದಾರಿಯಲ್ಲಿ ಅವನ ಫೋನಿಗೆ ಒಂದು ಕರೆ ಬಂತು. ಕೇಳಿಸಿಕೊಂಡು, ಕಾರನ್ನು ಮೆಲ್ಲಗೆ ಬದಿಗೆ ತಂದು ನಿಲ್ಲಿಸಿದ. ಎರಡೂ ಕೈ ಸ್ಟಿಯರಿಂಗ್ ಮೇಲಿಟ್ಟು ಎದುರಿನ ಬೋಳು ಗುಡ್ಡ ನೋಡುತ್ತ ಕೂತ.

ಊರಿನವರು ಬಂದುಬಿಡು ಎಂದರು. ನನಗೆ ಇಲ್ಲಿ ನೌಕರಿಯಿತ್ತು, ಮಗಳ ಶಾಲೆಯಿತ್ತು, ಉಳಿದೆ. ಸಹನಾ ಕಿವಿಗೆ ಹೆಡ್‌ಫೋನ್ ಹಾಕಿಕೊಂಡು ತನ್ನ ಕೋಣೆ ಸೇರಿದಳು. ಊಟ ಆಯ್ತಾ, ಬಸ್ ಬಂತಾ, ಇಷ್ಟೇ ನಮ್ಮ ಮಾತು. ನಾನು ಅವಳ ಮುಂದೆ ಅವರ ಹೆಸರೆತ್ತುತ್ತಿರಲಿಲ್ಲ, ಅವಳಿಗೆ ನೋವಾದೀತೆಂದು. ಶುಕ್ರವಾರ ಬೆಳಿಗ್ಗೆ ಟೀವಿ ಹಚ್ಚುವುದನ್ನೇ ಬಿಟ್ಟೆ.

ಹೋದ ಶುಕ್ರವಾರ ಊಟ ಮುಗಿಸಿ ಹಿಲ್ಡಾಳ ಮನೆಯಿಂದ ಮೇಲೆ ಬಂದವಳು ನೇರ ಸಹನಾಳ ಕೋಣೆಗೆ ಹೋದೆ. ಯಾರಿಗಾದರೂ ಹೇಳಲೇಬೇಕಿತ್ತು.

"ಪಪ್ಪಾ ನೋಡತಿದ್ರಲ್ಲ ಆ ಆಟ, ಅದರ ರೂಲ್ ಬದಲಾಗೇತಂತ, ಗೊತ್ತೇನು?"

ಅವಳು ಲ್ಯಾಪ್‌ಟಾಪಿನಿಂದ ತಲೆಯೆತ್ತಲಿಲ್ಲ. "ಐ ನೋ, ಅಮ್ಮ. ಟೂ ಇಯರ್ಸ್ ಬ್ಯಾಕ್."

"ನಿನಗ ಹೆಂಗ ಗೊತ್ತು?"

"ಐ ವಾಚ್. ಎವ್ರಿ ವೀಕ್."

ನಾನು ಮಂಚದ ಅಂಚಿನಲ್ಲಿ ಕೂತೆ. ಗೋಡೆಯ ಈಚೆ ನಾನು ಇಸ್ತ್ರಿ ಮಾಡುತ್ತಿದ್ದಾಗ, ಆಚೆ ಇವಳು ಅದನ್ನು ನೋಡುತ್ತಿದ್ದಳು!

"ನನಗ್ಯಾಕ ಹೇಳಲಿಲ್ಲ?"

"ಯು ವುಡ್ ಕ್ರೈ."

ಅಷ್ಟು ಹೊತ್ತಿಗೆ ನಾನು ಅಳುತ್ತಲೇ ಇದ್ದೆ. ಅವಳು ನೋಡಿದಳು, ಸ್ವಲ್ಪ ಸರಿದು ಜಾಗ ಮಾಡಿದಳು. ಲ್ಯಾಪ್‌ಟಾಪನ್ನು ನಡುವೆ ಇಟ್ಟಳು. ಅದೇ ಸಾಲುಗಳು, ಅದೇ ನಿಂತ ಆಳುಗಳು. ಚೆಂಡು ಇಳಿದು ಒಬ್ಬನ ಕೈ ಸೇರಿದ ಕ್ಷಣ ಎಲ್ಲರೂ ಒಮ್ಮೆಗೇ ನುಗ್ಗಿದರು. ಹಿಡಿದವನು ಓಡಿದ.

"ಮತ್ತ ಓಡಲಿಕ್ಕ ಹತ್ಯಾರ" ಎಂದೆ. "ನಿಮ್ಮ ಪಪ್ಪಾ ನೋಡಿದ್ರ ಎಷ್ಟು ಖುಷಿಪಡತಿದ್ರು."

"ನೋ ವೇ. ಪಪ್ಪಾ ವುಡ್ ಹೇಟ್ ದಿಸ್."

"ಯಾಕ?"

ಅವಳು ನನ್ನ ಕಡೆ ತಿರುಗಿದಳು. ಇಂಗ್ಲಿಷಿನಲ್ಲಿ ಶುರು ಮಾಡಿ, ಸಾಲದೆ ಹೋಗಿ, ಕನ್ನಡಕ್ಕೆ ಬಂದಳು. "ದೂರದಿಂದ ಓಡಿ ಬರೋದು ಇಲ್ವಲ್ಲ ಅಮ್ಮ. ಎಲ್ಲಾರೂ ಹತ್ರಾನೇ ನಿಂತಾರ. ದಾರಿ ಮಾಡೋಕೆ ಟೈಮ್ ಎಲ್ಲಿದೆ? ಕೋಚ್ ಏನ್ ಪ್ಲಾನ್ ಮಾಡ್ತಾನೆ?"

"ಏನ್ ಮಾತಾಡತಿ? ಕೋಚಿಗೆ ಈಗ ಕೆಲಸ ಹೆಚ್ಚಾಗೇತಿ. ಹತ್ರ ಇದ್ರ ಒಂದ ಹೆಜ್ಜಿ ತಪ್ಪಿದ್ರೂ ಮುಗೀತು."

"ಅಮ್ಮ, ಯು ಡೋಂಟ್ ನೋ ಪಪ್ಪಾ."

"ನನಗ ಗೊತ್ತಿಲ್ಲ? ನನಗ?"

ದನಿ ಎಷ್ಟು ಏರಿತೆಂದು ನಮಗೆ ತಿಳಿದದ್ದು ಹಿಲ್ಡಾ ಫೋನ್ ಮಾಡಿ "ಎಂತ ಜಗಳ ನಿಮ್ಮದು?" ಎಂದಾಗ. ಇಬ್ಬರಿಗೂ ನಗು ಬಂತು. ನಗುತ್ತಲೇ ಸಹನಾ ಇನ್ನೊಂದು ಓಟ ಹಾಕಿ, ತನ್ನ ಮಾತನ್ನು ಸಾಬೀತು ಮಾಡಲು ಹೊರಟಳು. ನಾನೂ ಬಿಡಲಿಲ್ಲ. ಮಸೀದಿಯಿಂದ ಸಂಜೆಯ ಬಾಂಗ್ ಕೇಳಿಸಿದಾಗಲೂ ನಾವು ಅಲ್ಲೇ ಇದ್ದೆವು, ಇನ್ನೂ ಒಪ್ಪಿರಲಿಲ್ಲ.

ಅವರಿದ್ದಿದ್ದರೆ ಇಬ್ಬರದ್ದೂ ತಪ್ಪು ಎನ್ನುತ್ತಿದ್ದರು. ಅದರಲ್ಲಿ ನನಗೆ ಸಂಶಯವಿಲ್ಲ. ಯಾಕೆ ತಪ್ಪು ಎಂಬುದನ್ನು ಅವರ ಬಾಯಿಂದ ಒಂದು ಸಲ ಕೇಳಬೇಕೆಂದು ಮಾತ್ರ ಜೀವ ಹಾತೊರೆಯುತ್ತದೆ.