ಪೆಟ್ಟಿಗೆಯಕ್ಕನ ಕೈಗಳು

ಅಣು ಇಂಧನದ ಕಾರ್ಖಾನೆಯಲ್ಲಿ ಎಲ್ಲರೂ ಆಕೆಯನ್ನು ಪೆಟ್ಟಿಗೆಯಕ್ಕ ಎನ್ನುತ್ತಿದ್ದರು. ಗಾಜಿನ ಪೆಟ್ಟಿಗೆಗೆ ಜೋಡಿಸಿದ ದಪ್ಪ ರಬ್ಬರ್ ಗವಸುಗಳೊಳಗೆ ತೋಳು ತೂರಿಸಿ, ಇಪ್ಪತ್ತಾರು ವರ್ಷ ಯುರೇನಿಯಂ ನೈಟ್ರೈಡ್ ಪುಡಿ ಅರೆದವಳು. ಆ ಪುಡಿಗೆ ಮೂಗಿನ ತುದಿಯಲ್ಲೇ ಕೋಪ. ಗಾಳಿ ಸೋಕಿದರೆ ಹೊತ್ತಿಕೊಳ್ಳುತ್ತದೆ, ತೇವ ತಾಗಿದರೆ ಅಮೋನಿಯಾ ಕಾರುತ್ತದೆ. ಅದಕ್ಕೇ ಪೆಟ್ಟಿಗೆಯ ತುಂಬ, ಯಾವುದರ ಜೊತೆಗೂ ಬೆರೆಯದ ಆರ್ಗಾನ್ ಅನಿಲ. ಕೈ ಒಳಗಿದ್ದಾಗ ಮೂಗು ತುರಿಸಿಕೊಳ್ಳುವಂತಿಲ್ಲ. ಹಾಳು ಮೂಗಿಗೆ ಆಗಲೇ ತುರಿಕೆ! ಪುಡಿ ಅಂಟಿದೆಯೇನೋ ಎಂದು ಮನೆಯಲ್ಲೂ ಆಕೆ ಕೈಗಳನ್ನು ತಿರುಗಿಸಿ ಮುರುಗಿಸಿ ನೋಡಿಕೊಳ್ಳುವುದನ್ನು ಕಂಡು ಗಂಡ, "ಭವಿಷ್ಯ ಸಿಕ್ತಾ?" ಎಂದು ರೇಗಿಸುತ್ತಿದ್ದ.

ಅವತ್ತು ಸಂಜೆ ಮಗಳ ಮನೆಗೆ ಹೋಗಿ, ಹನ್ನೊಂದು ದಿನದ ಮೊಮ್ಮಗಳನ್ನು ಮೊದಲ ಸಲ ಎತ್ತಿಕೊಳ್ಳುವುದಿತ್ತು. ಮಧ್ಯಾಹ್ನ ಪುಡಿಯನ್ನು ಬಟ್ಟಲಿಗೆ ಸುರಿಯುತ್ತಿದ್ದಾಗ ಪುಡಿಯ ರಾಶಿಯ ಅಂಚು ಕೆಂಪಗಾಯಿತು. ಎಲ್ಲಿಂದಲೋ ಗಾಳಿ ನುಸುಳಿತ್ತು.

ಪಕ್ಕದಲ್ಲಿದ್ದ ಹೊಸ ಇಂಜಿನಿಯರ್ ನೈಟ್ರೋಜನ್ ಕೊಳವೆಯ ತಿರುಪಿಗೆ ಕೈಹಾಕಿದ. "ಬೆಂಕಿ ಆರ್ಸೋಕೆ ಇದೇ ಸರಿ ಅಲ್ವಾ ಅಕ್ಕಾ?"

"ಮುಟ್ಬೇಡಿ! ಬಿಸಿ ಇದ್ದಾಗ ಇದು ನೈಟ್ರೋಜನ್ನೂ ಕುಡಿದು ಇನ್ನಷ್ಟು ಕಾಯುತ್ತೆ. ಆರ್ಗಾನ್ ಜಾಸ್ತಿ ಮಾಡಿ!"

"ಮೊದ್ಲು ನೀವು ಕೈ ತೆಗೀರಿ!"

ನಿಯಮವೂ ಅದನ್ನೇ ಹೇಳುತ್ತದೆ. ಆದರೆ ಕೈ ತೆಗೆದರೆ ಖಾಲಿ ಗವಸು ಬಟ್ಟಲ ಮೇಲೇ ಜೋತುಬೀಳುತ್ತದೆ. ಅದು ಸುಟ್ಟು ತೂತಾದರೆ ವಿಕಿರಣದ ಪುಡಿ ಕೋಣೆಗೇ ಬರುತ್ತದೆ. ಉಕ್ಕಿನ ಮುಚ್ಚಳ ಆಚೆ ಮೂಲೆಯಲ್ಲಿತ್ತು. ಕೆಂಡದ ಮೇಲಿಂದಲೇ ಎಡತೋಳು ಚಾಚಿ, ಮುಚ್ಚಳ ಎಳೆದು ಬಟ್ಟಲಿಗೆ ಅದುಮಿ ಹಿಡಿದಳು. ಗವಸಿನೊಳಗೆ ಬೆರಳುಗಳು ಚುರುಗುಟ್ಟಿದವು. ಬಿಡಲಿಲ್ಲ. ಸ್ವಲ್ಪ ಹೊತ್ತಿಗೆ ಕೆಂಪು ಆರಿತು.

ಕಾದ ಗವಸಿನಲ್ಲಿ ಸೂಜಿಮೊನೆಯಷ್ಟು ತೂತು ಬಿದ್ದಿತ್ತೇನೋ, ಹೊರಗೆ ಕೈಯ ವಿಕಿರಣ ತಪಾಸಣೆಯ ಯಂತ್ರ ಎಡಗೈಗೆ ಕೂಗಿಕೊಂಡಿತು. ತೊಳೆದಳು. ಮತ್ತೆ ಕೂಗಿತು. ಮೊಮ್ಮಗಳ ನೆನಪಾಗಿ ಅಳು ಬಂತು. ಮೂರನೇ ಸಲ ತೊಳೆದ ಮೇಲೆ ಹಸಿರು ದೀಪ ಹತ್ತಿತು. ಸುರಕ್ಷತಾ ಅಧಿಕಾರಿ ಮತ್ತೊಮ್ಮೆ ಪರೀಕ್ಷಿಸಿ, "ಒಂಚೂರೂ ಇಲ್ಲ, ಧೈರ್ಯವಾಗಿ ಹೋಗಿ" ಎಂದರು.

ಸಂಜೆ ಮಗಳು ಕೂಸನ್ನು ಮುಂದೆ ಹಿಡಿದಳು. ಪೆಟ್ಟಿಗೆಯಕ್ಕನ ಕೈಗಳು ತಾವಾಗಿಯೇ ಬೆನ್ನ ಹಿಂದೆ ಸರಿದವು. "ಇವತ್ತು ಬೇಡ ಕಣೇ. ನಾಳೆ ಎತ್ಕೋತೀನಿ."

ಮಗಳ ಮುಖ ಸಪ್ಪಗಾಯಿತು. "ನಾನು ಚಿಕ್ಕವಳಿದ್ದಾಗ್ಲೂ ನೀನು ಕೆಲಸದಿಂದ ಬಂದು ಹೀಗೇ ಅಂತಿದ್ದೆ. ಆ ನಾಳೆ ಬರ್ಲೇ ಇಲ್ಲಮ್ಮ."

ಪೆಟ್ಟಿಗೆಯಕ್ಕ ಬೆನ್ನ ಹಿಂದಿದ್ದ ಎರಡೂ ಕೈಗಳನ್ನು ಮುಂದೆ ಚಾಚಿದಳು, ಮೊದಲು ಮಗಳ ಕೆನ್ನೆಗೆ.