ಪ್ರಸಾದ ಆಗುವವರೆಗೆ

ಆಫೀಸಿಗೆ ಹೊಟ್ಟೆನೋವೆಂದು ಸುಳ್ಳು ಹೇಳಿ, ಹಬ್ಬುವಾಡದಿಂದ ಮೊದಲ ಬಸ್ಸಿಗೇ ಅಂಕೋಲೆಯ ಕಡಲಂಚಿನ ತವರಿಗೆ ಬಂದಿದ್ದೆ. ಸರ್ಕಾರಿ ನೌಕರಿಯವಳು ಇಂಥ ಪ್ರತಿಭಟನೆಯಲ್ಲಿ ಕಾಣಿಸಿಕೊಳ್ಳಬಾರದೆಂದು ಗೊತ್ತಿತ್ತು. ಆದರೆ ಹೆತ್ತವಳು, ನನ್ನ ಆಯಿ, ಫೋನ್ ಮಾಡಿ ಬಾ ಎಂದಿದ್ದಳು. ನಾವು ದೋಣಿ ಎಳೆದಿಡುವ ಜಾಗವನ್ನು ಬಂದರಿಗಾಗಿ ಅಳೆಯಲು ಆ ದಿನ ಅಧಿಕಾರಿಗಳು ಬರುವವರಿದ್ದರು, ಜೊತೆಗೆ ಪೊಲೀಸರು. ತಮ್ಮನ ಮೇಲೆ ಹಿಂದಿನ ಗಲಾಟೆಯ ಕೇಸೊಂದಿತ್ತು. ಇನ್ನೊಂದು ಬಿದ್ದರೆ ಅವನು ಒಳಗೇ. ಮುಂಗೋಪ ನಮ್ಮ ಮನೆಯ ಆಸ್ತಿ. ನನಗೂ ಪಾಲು ಬಂದಿದೆ, ಅವನಿಗೆ ಎರಡು ಪಾಲು.

ಊರೆಲ್ಲ ದಂಡೆಯ ಮೇಲಿನ ಅಮ್ಮನವರ ಗುಡಿಯೆದುರು ಸೇರಿತ್ತು. ಪೂಜೆ ಮಾಡುವ ಗುನಗರು ಒದ್ದೆ ಮಾಡಿದ ಹೂವಿನ ಎಸಳನ್ನು ಮೂರ್ತಿಗೆ ಅಂಟಿಸಿದರು. ಬಲಕ್ಕೆ ಬಿದ್ದರೆ ಹೌದು, ಎಡಕ್ಕೆ ಬಿದ್ದರೆ ಬೇಡ; ಹಾಗೆ ಬೀಳುವುದೇ ತಾಯಿಯ ಪ್ರಸಾದ. ತಮ್ಮನೇ ಕೇಳಿದ: "ತಾಯೇ, ಅವ್ರ ಅಳತೆ ಮಶಿನ್ ಸಮುದ್ರಕ್ಕೆ ದೂಡೂದಾ? ಹೌದಾದ್ರೆ ಬಲಕ್ಕೆ ಕೊಡು." ಅವನ ಮುಷ್ಟಿಯಲ್ಲಿ ಕಲ್ಲಿತ್ತು.

"ಪ್ರಸಾದ ಆಗೂವರೆಗೆ ಯಾರೂ ಏಳೂಕಿಲ್ಲಾ," ಎಂದಳು ಆಯಿ. ಅದು ಹಳೆಯ ಕಟ್ಟಳೆ. ಎಲ್ಲರೂ ಮರಳಿನ ಮೇಲೆ ಕೂತರು. ಅಳತೆಯ ಗೆರೆ ಹಾಯಬೇಕಾದದ್ದೂ ಅಲ್ಲೇ. ಆಯಿ ಕಣ್ಣು ಮುಚ್ಚಿ ಪಿಸುಗುಟ್ಟಿದ್ದು ಪಕ್ಕದಲ್ಲಿದ್ದ ನನಗೆ ಮಾತ್ರ ಕೇಳಿತು: "ಇವತ್ತೊಂದಿನ ಎಂತದೂ ಹೇಳ್ಬೇಡ ತಾಯಿ. ಸುಮ್ನಿರು." ಅವಳ ತವರು ಚೆಂಡಿಯಾ, ಆ ನೆಲ ನೌಕಾನೆಲೆಗೆ ಹೋಯಿತು. ಇನ್ನೊಂದು ದಂಡೆ ಕಳೆದುಕೊಳ್ಳಲು ಅವಳು ತಯಾರಿರಲಿಲ್ಲ. ಮಗನನ್ನು ಕಳೆದುಕೊಳ್ಳಲೂ.

ಜೀಪುಗಳು ಬಂದವು, ಅಳತೆಯ ಯಂತ್ರ ಇಳಿಯಿತು. ಪೊಲೀಸರು ಸಾಲುಗಟ್ಟಿ ನಿಂತರು. ಅಧಿಕಾರಿಯೊಬ್ಬರು ಬೂಟು ಬಿಚ್ಚಿಟ್ಟು ಹತ್ತಿರ ಬಂದು, "ಎಷ್ಟೊತ್ತಾಗ್ತದೆ?" ಎಂದರು.

"ಅವ್ಳನ್ನೇ ಕೇಳಿ ಸಾಹೇಬ್ರೆ," ಆಯಿ ಗುಡಿಯತ್ತ ಕೈ ತೋರಿದಳು. "ನಿಮ್ಗೂ ಜಾಗ ಅದೆ, ಕೂತ್ಕಣಿ."

ಯಾರೋ ನಕ್ಕರು. ಪೊಲೀಸನೊಬ್ಬ ಲಾಠಿಯನ್ನು ಅಂಗೈಗೆ ತಟ್ಟಿಕೊಂಡ. ನಗು ನಿಂತಿತು.

ಬಿಸಿಲೇರಿತು. ಗಾಳಿಗೆ ಎಸಳು ಒಣಗತೊಡಗಿತು. ಗುನಗರು ಆಯಿಯ ಮುಖ ನೋಡಿದರು. "ತಾಯಿಗೂ ಸೆಕೆ ಆಗ್ತದೆ, ನೀರು ಚಿಮುಕಿಸಿ," ಎಂದಳು. ಚಿಮುಕಿಸಿದರು, ಎಸಳು ಮತ್ತೆ ಅಂಟಿತು. ಇದೆಂಥ ಭಕ್ತಿ ಎಂದು ಮೊದಲು ಸಿಟ್ಟು ಬಂತು. ಆಮೇಲೆ ನಾನೂ ಬೇಡಿಕೊಂಡೆ, ಬೀಳದಿರಲಿ ಎಂದು.

ಮಧ್ಯಾಹ್ನಕ್ಕೆ ಗುನಗರ ತಂಬಿಗೆ ಖಾಲಿ. ಬಾವಿ ದೂರ, ಏಳುವಂತಿಲ್ಲ. ಎಸಳು ಮೆಲ್ಲಗೆ ಬಲಕ್ಕೆ ವಾಲಿತು. ತಮ್ಮ ಮಂಡಿಯೂರಿ ಏಳಲು ಸಜ್ಜಾದ. ಲಾಠಿಗಳೂ ಸಜ್ಜಾದವು. ಆಯಿ ಕೈ ಮುಗಿದೇ ಇದ್ದಳು, ಕೆನ್ನೆಯ ಮೇಲೆ ನೀರು ಇಳಿಯುತ್ತಿತ್ತು.

ತಮ್ಮ ಅವಳನ್ನು ನೋಡಿದ. ಅವಳು ಏನು ಬೇಡುತ್ತಿದ್ದಾಳೆಂದು ಅವನಿಗೂ ತಿಳಿದಿರಬೇಕು. ಆಮೇಲೆ ಕಲ್ಲನ್ನು ಮರಳಿಗೆ ಬಿಟ್ಟು, ತಾನು ಕುಡಿಯಲು ತಂದಿದ್ದ ನೀರಿನ ಬಾಟ್ಲಿಯನ್ನು ಮುಂದೆ ದಾಟಿಸಿದ.

"ಗುನಗ್ರೆ, ತಾಯಿಗೆ."

ಪೂಜೆಗೆ ಕೂತವರನ್ನು ಎಬ್ಬಿಸಲಾಗದೆ, ಮೂರು ಗಂಟೆಗೆ ಅಧಿಕಾರಿಗಳು ಯಂತ್ರವನ್ನು ಜೀಪಿಗೆ ಹಾಕಿಕೊಂಡರು. "ನಾಳೆ ಬರ್ತೇವೆ," ಎಂದರು ಅಧಿಕಾರಿ. ಜೀಪುಗಳು ತಿರುವು ದಾಟಿದ ಮೇಲೆ ಎಸಳು ಬಿತ್ತು. ಯಾವ ಕಡೆಗೆಂದು ನೋಡಲು ತಮ್ಮ ನಿಲ್ಲಲಿಲ್ಲ. ಗುಡಿಯ ಕೊಡ ಎತ್ತಿಕೊಂಡು ಬಾವಿಯತ್ತ ಹೊರಟಿದ್ದ.

"ನಾಳೆಗೂ ನೀರು ಬೇಕಲ್ಲಾ," ಎಂದ.